ಭಾವನ ಹಸಿರು ತೀರ್ಥ

ಹಟ್ಟಿಯಂಗಡಿಯ ಸಿದ್ಧಿವಿನಾಯಕ ಹೊಟ್ಟೆ ಇಟ್ಟುಕೊಂಡೇ ಊರಿನ ವಿಘ್ನ ಕಳೆಯುವ ದೇವರು. ಅವನಿಗೆ ಕಾಯಿ ಒಡೆಸಿ ಮನೆಗೆ ಬಂದ ನಮ್ಮ ಭಾವ, ಪೊಟ್ಟಣ ಬಿಚ್ಚಿ ದಾರ ಕಟ್ಟಿದ ಚೀಲವೊಂದನ್ನು ಬಿಸಿನೀರಿಗೆ ಇಳಿಬಿಟ್ಟರು. ಬೆಂಗಳೂರಿನ ಹೋಟೆಲನ್ನು ಮಗನಿಗೆ ವಹಿಸಿ ಊರು ಸೇರಿದವರು. ಅಲ್ಲಿ ಬೆಳೆಸಿದ ಹೊಟ್ಟೆ ಇಲ್ಲಿ ಕರಗಬೇಕಂತೆ. ದಿನಕ್ಕೆ ಎಂಟು ಲೋಟದ ವ್ರತ.

ಅತ್ತೆ ಬಗ್ಗಿ ನೋಡಿದರು. "ಎಂತ ಮಗಾ ಇದ್? ಹರ್ವಿ ಸೊಪ್ ಬೇಸಿದ್ ನೀರ್ ಕಂಡಂಗ್ ಇತ್ತಲ್ಲ!"

ಸೊಪ್ಪಿನ ನೀರಾಗಿದ್ದರೆ ವಾಸಿಯಿತ್ತು. ಹರಿವೆ ಹುಳಿ, ಹುರುಳಿ ಸಾರು ಉಂಡು ಕೈ ಒಣಗುವ ಮೊದಲೇ ಚೀಲ ಮುಳುಗುತ್ತದೆ. ಸೊಪ್ಪು-ಕಾಳಿನ ಕಬ್ಬಿಣದ ಅಂಶವನ್ನು ಚೀಲದೊಳಗಿನ ಗ್ರೀನ್ ಟೀ ಎಲೆಯ ಪಾಲಿಫಿನಾಲ್ ಹಿಡಿದಿಟ್ಟು, ರಕ್ತಕ್ಕೆ ಸೇರದಂತೆ ಅಡ್ಡ ನಿಲ್ಲುತ್ತದೆ. ಭಾವನ ಮೈಯಲ್ಲಿ ರಕ್ತಕ್ಕೇನೂ ಬರವಿಲ್ಲ, ಬಿಡಿ. ಅವರನ್ನು ನೋಡಿ ಶುರುಮಾಡಿದ ಮಗಳ ಕತೆ? ರಾಜ್ಯದ 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಊಟದ ಹಿಂದೆ ಮುಂದೆ ಒಂದೊಂದು ಗಂಟೆ ಚಹಾ-ಕಾಫಿ ಬೇಡವೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ 2024ರಲ್ಲಿ ಸಾರಿತು.

"ಅದ್ ಚಾ. ಇದ್ ಔಷಧಿ ಮರಾಯ" ಎಂದರು ಭಾವ.

ಎರಡೂ ಒಂದೇ ಗಿಡದ ಎಲೆ. ಒಂದನ್ನು ಕಪ್ಪಾಗಲು ಬಿಟ್ಟರು, ಇನ್ನೊಂದನ್ನು ಬಿಡಲಿಲ್ಲ. ಊರೂರಲ್ಲಿ ಹೋಟೆಲಿಟ್ಟು ಚಹಾ ಮಾರಿದ ಕುಂದಾಪುರದವರಿಗೆ ಇದನ್ನೂ ಹೇಳಿಕೊಡಬೇಕೆ?

ಅದೇ ಸಂಸ್ಥೆ ಕೆಫೀನಿಗೆ ದಿನಕ್ಕೆ 300 ಮಿಲಿಗ್ರಾಮಿನ ಗೆರೆ ಎಳೆದಿದೆ. ಲೋಟಕ್ಕೆ 30 ಎಂದು ಕಮ್ಮಿಯೇ ಹಿಡಿದರೂ ಎಂಟಕ್ಕೆ 240. ಮೇಲೆ ಬೆಳಿಗ್ಗೆ ಸಂಜೆ ಅತ್ತೆಯ ಕಾಫಿ. "ಅದ್ ಲೆಕ್ಕಕ್ಕಿಲ್ಲೆ!" ರಾತ್ರಿ ಎರಡು ಗಂಟೆಗೆ ಅಂಗಳದಲ್ಲಿ ಅಡ್ಡಾಡುತ್ತಿದ್ದವರನ್ನು ಕಂಡು ಮನೆಯ ನಾಯಿಯೇ ಬೊಗಳಿತು. ನಿದ್ದೆ ಕೆಟ್ಟದ್ದಕ್ಕೆ ವರಾಹಿ ಹೊಳೆಯ ಗಾಳಿ ಕಾರಣವಂತೆ. ಖಾಲಿ ಹೊಟ್ಟೆಗೆ ಕುಡಿದು ಎದೆ ಉರಿದರೆ? ಕೊಬ್ಬು ಕರಗುವ ಉರಿ!

ಇಷ್ಟಕ್ಕೇ ನಿಂತಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಹೋದ ತಿಂಗಳು ಗ್ರೀನ್ ಟೀ ಸಾರದ ಮಾತ್ರೆ ಬಂತು. ಕುದಿಸುವ, ಕಹಿ ನುಂಗುವ ಕಷ್ಟವೂ ಇಲ್ಲ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಎಚ್ಚರಿಸಿದ್ದು ಇಂಥ ಮಾತ್ರೆಗಳ ಬಗ್ಗೆಯೇ. ಇಜಿಸಿಜಿ ಎಂಬ ಅಂಶ ಮಾತ್ರೆಯ ರೂಪದಲ್ಲಿ ದಿನಕ್ಕೆ 800 ಮಿಲಿಗ್ರಾಂ ಮುಟ್ಟಿದರೆ ಲಿವರಿಗೆ ಪೆಟ್ಟು ಬೀಳುವ ಸೂಚನೆ ಕಾಣಿಸುತ್ತದೆ. ಎಲೆ ನೆನೆಸಿ ಕುಡಿಯುವವರಿಗೆ ಆ ಭಯ ಕಡಿಮೆ. ಹೊಟ್ಟೆಯ ಹೊರಗಿನದು ಕರಗಲಿ ಎಂದು ಒಳಗಿನದನ್ನು ಒತ್ತೆ ಇಡುವ ವ್ಯಾಪಾರ ಹೋಟೆಲು ನಡೆಸಿದವರಿಗೆ ತಿಳಿಯದೇ ಹೋಯಿತಲ್ಲ.

ಬಿಪಿ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು ಈ ಹಸಿರು ವ್ರತವನ್ನು ಡಾಕ್ಟರಿಗೆ ಮುಚ್ಚಿಡಬೇಡಿ. ಉಳಿದವರು ಎರಡು ಲೋಟ ಕುಡಿಯಿರಿ, ಊಟವಾಗಿ ಒಂದು ಗಂಟೆ ಬಿಟ್ಟು. ಆ ಗಂಟೆ ಸರಿಯುವುದೇ ಇಲ್ಲವೆಂದರೆ ವರಾಹಿ ದಂಡೆಯವರೆಗೆ ನಡೆದು ಬನ್ನಿ. ಹೊಟ್ಟೆ ಕರಗುವುದಿದ್ದರೆ ಅದಕ್ಕೇ ಕರಗೀತು.