ಪಾದ್ರಿ ಮನೆಯ ಈಸ್ಟರ್

ಈಸ್ಟರ್‌ಗೆ ತಾರೀಖಿನ ಹಂಗಿಲ್ಲ. ಮಾರ್ಚ್ 21ರಂದೋ ಆಮೇಲೋ ಬರುವ ಹುಣ್ಣಿಮೆ ಕಳೆದ ಮೇಲಿನ ಮೊದಲ ಭಾನುವಾರ ಅದು ಬರುತ್ತದೆ. ಅದರ ಹಿಂದೆಯೇ ಬೆಂಗಳೂರಿನ ನನ್ನ ಗೆಳೆಯರ ದಂಡು. ಮೈಸೂರು ಕಡೆಯ ಈ ಹಳ್ಳಿ ಸಭೆಗೆ ನಾನೇ ಪಾದ್ರಿ, ನಾನೇ ಗಂಟೆ ಬಾರಿಸುವವನು, ಮೈಕು ಕೆಟ್ಟರೆ ಮೆಕ್ಯಾನಿಕ್ಕೂ ನಾನೇ.

ನಸುಕಿನಲ್ಲಿ ಸ್ಮಶಾನದಲ್ಲಿ ನಿಂತು ಪುನರುತ್ಥಾನದ ಪ್ರಸಂಗ ಮಾಡಿ ಬಂದೆ. ಗೆಳೆಯರು ನನ್ನ ಹಾಸಿಗೆಯಿಂದ ಏಳುವ ಲಕ್ಷಣವೇ ಇರಲಿಲ್ಲ! ಅವರನ್ನು ಎಬ್ಬಿಸಿದ್ದು ಸಭೆಯ ಹೆಂಗಸರು ತಂದಿಟ್ಟ ಕೋಳಿ ಸಾರಿನ ಘಮ. ಅಜ್ಜಿಯೊಬ್ಬರು ಅವರ ತಟ್ಟೆಗೆ ಮುದ್ದೆ ಇಡುತ್ತಲೇ, "ಅಯ್ನೋರೇ, ಇವ್ರು ಆರಾಧನೇಲಿ ಕಾಣ್ಲೇ ಇಲ್ವಲ್ಲಾ?" ಎಂದರು. ನಾನು ಸಾರು ಹೊಗಳತೊಡಗಿದೆ.

ನೀವೂ ಬನ್ನಿ. ಆದರೆ ಚಾಪೆ ನೀವೇ ತನ್ನಿ.