ಪಡಸಾಲೆಯ ವಾಟ್ನಿ

ಅಥಣಿ ಕಡೆ ಪಡಸಾಲೆ ಅಂದರೆ ಹಿರಿಯರ ರಾಜಧಾನಿ. ನಮ್ಮನೆಯಲ್ಲೂ ಅಲ್ಲೊಂದು ಮಂಚ, ಎಲೆಅಡಿಕೆ ಸಂಚಿ, ನಿಪ್ಪಾಣಿ ತಂಬಾಕಿನ ಡಬ್ಬಿ, ಸಾಂಗ್ಲಿ ಆಕಾಶವಾಣಿ ಹಿಡಿಯುವ ರೇಡಿಯೊ, ನಡುವೆ ನಮ್ಮಪ್ಪ, ಅಂದರೆ ನನ್ನ ಮಗಳ ಮುತ್ಯಾ. ಐದನೇ ಇಯತ್ತೆಯ ನನ್ನ ಮಗಳಿಗೆ ಓದಲು ಟೇಬಲ್ ತಂದೆ. ಗಾಳಿ ಬೆಳಕು ಇದ್ದದ್ದು ಪಡಸಾಲೆಯಲ್ಲೇ. ಮಂಚ ಒಂದು ಮೊಳ ಸರಿಸಬೇಕು, ಅಷ್ಟೇ.

“ಇದು ನನ್ನ ಮನಿ. ಹೊರಗ ಕಟ್ಟಿ ಮ್ಯಾಲ ಕುಂತ ಓದ ಹೋಗು.”

“ಪಿತ್ರಾರ್ಜಿತ ಐತಿ ಮುತ್ಯಾ. ಹುಟ್ಟಿದಾಗಿಂದ ನಂದೂ ಪಾಲ ಐತಿ.”

ಮುತ್ಯಾನ ಬಾಯಲ್ಲಿದ್ದ ಎಲೆ ಅಲ್ಲೇ ನಿಂತಿತು. ಹುಟ್ಟಿನಿಂದಲೇ ಹಕ್ಕು ಎಂಬುದನ್ನು ಕಲ್ಯಾಣದ ಚಾಲುಕ್ಯರ ಕಾಲದಲ್ಲೇ ವಿಜ್ಞಾನೇಶ್ವರ ಮಿತಾಕ್ಷರದಲ್ಲಿ ಬರೆದಿಟ್ಟ. ಆದರೆ ಅದು ಬಹುಕಾಲ ಗಂಡುಮಕ್ಕಳ ಸೊತ್ತಾಗಿಯೇ ಉಳಿಯಿತು. 1994ರಲ್ಲಿ ಕರ್ನಾಟಕ, 2005ರಲ್ಲಿ ಇಡೀ ದೇಶ ಹೆಣ್ಣುಮಕ್ಕಳನ್ನೂ ಸೇರಿಸಿತು. ಇವಳಿಗೆ ಇದನ್ನು ಕಲಿಸಿದ್ದು ಶಾಲೆಯಲ್ಲ. ಸಂಜೆಯಾದರೆ ಕಟ್ಟೆ ಮೇಲೆ ಯಾರ ಉತಾರದಲ್ಲಿ ಯಾರ ಹೆಸರು ಹೊಕ್ಕಿತು, ಯಾವ ಮಗಳು ಯಾವ ಅಣ್ಣನ ಮೇಲೆ ದಾವೆ ಹಾಕಿದಳು ಎಂದು ಬಿಡಿಸಿ ಹೇಳುವವನು ಮುತ್ಯಾನೇ.

“ತಂಬಾಕ ಮಾರಿ ನಾ ಕಟ್ಟಿಸಿದ ಮನಿ. ಸ್ವಯಾರ್ಜಿತ!”

“ಜಾಗಾ ನಿಮ್ಮಪ್ಪಂದಲ್ಲೇನ?”

ಮುತ್ಯಾ ಕೊನೆಯ ಅಸ್ತ್ರ ತೆಗೆದ. ಹಿರಿಯ ನಾಗರಿಕರ 2007ರ ಕಾಯ್ದೆ. “ಚಿಕ್ಕೋಡಿ ಎ.ಸಿ. ಸಾಹೇಬರಿಗೆ ಅರ್ಜಿ ಕೊಡತೀನಿ!” ಕಾಯ್ದೆ ತೆರೆದು ನೋಡಿದೆ. ಅದರಲ್ಲಿ ಮಕ್ಕಳೆಂದರೆ ಮೊಮ್ಮಕ್ಕಳೂ ಸೇರಿ, ಆದರೆ ಅಪ್ರಾಪ್ತರು ಸೇರುವುದಿಲ್ಲ. ಅಂದರೆ ಜಗಳ ತೆಗೆದವಳು ಪಾರು, ನೋಟಿಸು ಬರುವುದು ನನಗೆ. ತಿಂಗಳಿಗೆ 10,000 ರೂಪಾಯಿ ತನಕ ಜೀವನಾಂಶ, ಅದೂ ನನ್ನ ಪಗಾರದಲ್ಲಿ. ಟೇಬಲ್ ತಂದ ತಪ್ಪಿಗೆ ಇದು ಸ್ವಲ್ಪ ಜಾಸ್ತಿಯೇ.

ಕಡೆಗೆ ರಾಜಿಯನ್ನು ಅವರಿಬ್ಬರೇ ಮಾಡಿಕೊಂಡರು, ನನ್ನನ್ನು ಕೇಳಲಿಲ್ಲ. ಮಂಚ ಒಂದು ಮೊಳ ಸರಿಯಿತು. ಬದಲಿಗೆ, ಕಣ್ಣು ಮಂಜಾದ ಮುತ್ಯಾನಿಗೆ ಟ್ರಂಕಿನೊಳಗಿನ ಹಳೇ ಕಾಗದ ಒಂದೊಂದಾಗಿ ಇವಳು ಓದಿ ಹೇಳಬೇಕು. ಈಗ ದಿನಾ ಸಂಜೆ ಗಣಿತ ಬದಿಗೆ, ಪಾಲು ಹಂಚಿದ ವಾಟ್ನಿಪತ್ರ ಮುಂದೆ. ಮೊನ್ನೆ ಓದುತ್ತ ಓದುತ್ತ ತಲೆ ಎತ್ತಿ ಕೇಳಿದಳು: “ಅಪ್ಪಾ, ಮಾಳಗಿ ಮ್ಯಾಲಿನ ಖೋಲಿ ನಿನ್ನ ಹೆಸರಲೆ ಎಲ್ಲೂ ಇಲ್ಲಲ್ಲ?”

ಮುತ್ಯಾ ಮೀಸೆಯೊಳಗೇ ನಕ್ಕ.

ಮಕ್ಕಳಿರುವ ಮನೆಯವರೇ, ಕಟ್ಟೆ ಮೇಲೆ ಉತಾರದ ಮಾತು ಎದ್ದರೆ ಹುಡುಗರ ಕೈಗೆ ಹತ್ತು ರೂಪಾಯಿ ಕೊಟ್ಟು ಮೊದಲು ಅಂಗಡಿಗೆ ಕಳಿಸಿಬಿಡಿ.