ದಕ್ಷಿಣ ಬೆಂಗಳೂರಿನ ಹುರಿಶಾಸ್ತ್ರ ಮತ್ತು ಮೀನಿನ ಅಪ್ರಸ್ತುತತೆ

ಗಾಳದ ದಪ್ಪ ಹುರಿಗೂ ಹುಳುವಿನಂತೆ ಕಾಣುವ ಪುಕ್ಕದ ಕೊಕ್ಕೆಗೂ ನಡುವೆ ಕಟ್ಟುವ ನಯವಾದ ದಾರವನ್ನು ಫ್ಲೈ ಫಿಶಿಂಗ್ ಪ್ರವೀಣರು ‘ಫರ್ಲ್ಡ್ ಲೀಡರ್’ ಎನ್ನುತ್ತಾರೆ. ಇದು ಇಂಗ್ಲೆಂಡಿನ ಹೊಳೆದಂಡೆಯ ಕೂಸೆಂಬುದು ಪಾಶ್ಚಾತ್ಯ ವಿದ್ವಾಂಸರ ನಂಬಿಕೆ. ಕುದುರೆ ಬಾಲದ ಕೂದಲನ್ನು ಹೊಸೆದು ದಾರ ಮಾಡುವುದನ್ನು 1653ರಲ್ಲಿ ಐಸಾಕ್ ವಾಲ್ಟನ್ ಬರೆದಿಟ್ಟನಲ್ಲ, ಅದೇ ಅವರ ಆಧಾರ. ಜಯನಗರದಲ್ಲೋ ಬನಶಂಕರಿಯಲ್ಲೋ ಒಂದು ಗ್ರಂಧಿಗೆ ಅಂಗಡಿ ಹೊಕ್ಕಿದ್ದರೆ ಈ ಭ್ರಮೆ ಅಲ್ಲೇ ಹರಿಯುತ್ತಿತ್ತು. ಲೀಡರ್ ನಮ್ಮದು, ಇಲ್ಲಿ ಮೀನು ಹಿಡಿಯುವವರಿಲ್ಲವೆಂಬುದು ಈ ವಾದಕ್ಕೆ ಬಾಧಕವಾಗುವ ಬದಲು ಪೋಷಕವೇ ಆಗುತ್ತದೆಂದು ಮುಂದೆ ಸಾಧಿಸಲಾಗುವುದು.

ಮೊದಲು ಕ್ರಿಯಾವಿಧಿ. ಹಲಗೆಗೆ ಮೊಳೆಗಳನ್ನು ನೆಟ್ಟು, ಅವುಗಳ ಸುತ್ತ ತೆಳು ನೂಲನ್ನು ಎರಡು ಸಾಲಾಗಿ ಹಾಯಿಸಿ, ಎರಡೂ ಸಾಲುಗಳನ್ನು ಒಂದೇ ದಿಕ್ಕಿಗೆ ಬಿಗಿಯಾಗಿ ಹುರಿಮಾಡುತ್ತಾರೆ. ಆಮೇಲೆ ಜೋಡಿಸಿ ಎದುರು ದಿಕ್ಕಿಗೆ ತಿರುಗಿಸುತ್ತಾರೆ. ಒಳಗಿನ ಹುರಿ ಬಿಚ್ಚಿಕೊಳ್ಳಲು ಹವಣಿಸಿದಷ್ಟೂ ಹೊರಗಿನದು ಬಿಗಿಯುತ್ತದೆ. ಎರಡರ ಹಟವೂ ಸಮವಾದಾಗ ದಾರ ತೆಪ್ಪಗಾಗುತ್ತದೆ. ಈಗ ಜನಿವಾರವನ್ನು ನೋಡಿ. ನೂಲನ್ನು ನಾಲ್ಕು ಬೆರಳಿಗೆ 96 ಸುತ್ತು ಸುತ್ತಿ ಅಳೆದು, ಮೂರೆಳೆ ಮಾಡಿ ಒಂದು ದಿಕ್ಕಿಗೆ ಹೊಸೆದು, ಮತ್ತೆ ಮೂರಾಗಿಸಿ ಎದುರು ದಿಕ್ಕಿಗೆ ಹೊಸೆದರೆ ಒಂಬತ್ತೆಳೆ. ಪಾಶ್ಚಾತ್ಯರು ಇದಕ್ಕೆ ಕೂಡಿಸಿದ್ದು ಡ್ರಿಲ್ ಮೆಷಿನ್ ಒಂದನ್ನೇ. ಬ್ರಹ್ಮಗಂಟಿನ ಜಾಗದಲ್ಲಿ ಅವರು ಬರಿಯ ಕುಣಿಕೆ ಇಟ್ಟುಕೊಂಡಿರುವುದು ಪಾಠ ಅರ್ಧಕ್ಕೇ ನಿಂತುದರ ಕುರುಹು.

ಲೀಡರ್ ಬುಡದಲ್ಲಿ ದಪ್ಪ, ತುದಿಯಲ್ಲಿ ಸಣ್ಣ. ಜನಿವಾರ ಉದ್ದಕ್ಕೂ ಒಂದೇ ದಪ್ಪವಲ್ಲವೇ ಎಂದು ಯಾರಾದರೂ ಕೇಳಿಯಾರು. ಪ್ರಶ್ನೆ ಸಮಂಜಸ. ಬೀಸಿದ ರಭಸ ಹಂತಹಂತವಾಗಿ ಕರಗಿ ಪುಕ್ಕ ನೀರಿನ ಮೇಲೆ ಸದ್ದಿಲ್ಲದೆ ಕೂರಲೆಂದೇ ಎಳೆಗಳನ್ನು ಇಳಿಸುತ್ತ ಹೋಗುತ್ತಾರೆ. ಉತ್ತರ ಜಡೆಯಲ್ಲಿದೆ: ಬುಡದಲ್ಲಿ ಕೂದಲು ಹೆಚ್ಚು, ಇಳಿದಂತೆ ಕಡಿಮೆ, ಕೊನೆಗೆ ಕುಚ್ಚು. ಕುಚ್ಚಿನಲ್ಲಿ ಪುಕ್ಕದ ಕೊಕ್ಕೆಯನ್ನು ಕಾಣಲಾರದವರು ಸಂಶೋಧನೆಗೆ ಕೈಹಾಕಬಾರದು. ಜಡೆ ಹೆಣೆದದ್ದು, ಹೊಸೆದದ್ದಲ್ಲ ಎಂಬ ಮರುಆಕ್ಷೇಪವನ್ನು ಅಡಿಟಿಪ್ಪಣಿಯಲ್ಲಿ ಪರಿಶೀಲಿಸಲಾಗುವುದು. ಈ ಪ್ರಬಂಧಕ್ಕೆ ಅಡಿಟಿಪ್ಪಣಿಗಳಿಲ್ಲ.

ಗ್ರಂಥಾಧಾರ ಬೇಕೆನ್ನುವವರಿಗೆ ‘ಮಾನಸೋಲ್ಲಾಸ’ವಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ರಚಿಸಿದ ಈ ಸಂಸ್ಕೃತ ಗ್ರಂಥದಲ್ಲಿ ಮತ್ಸ್ಯವಿನೋದವೆಂಬ ಭಾಗವೇ ಉಂಟು. ವಾಲ್ಟನ್ನನಿಗಿಂತ ಐದು ಶತಮಾನ ಮುಂಚೆ ಅರಸನೊಬ್ಬ ಗಾಳದ ಆಟವನ್ನು ಶಾಸ್ತ್ರವಾಗಿಸಿದ್ದ. ಅದೇ ಗ್ರಂಥದ ಅನ್ನಭೋಗದಲ್ಲಿ ಮೀನಿನ ಅಡುಗೆಯೂ ಬರುತ್ತದೆ. ಆ ಶ್ಲೋಕಗಳನ್ನು ಪ್ರಕ್ಷಿಪ್ತವೆಂದು ಸಾರಿಬಿಟ್ಟರೆ ನಮ್ಮ ವಾದಕ್ಕೆ ಅನುಕೂಲ. ಕಲ್ಯಾಣವೆಲ್ಲಿ, ಜಯನಗರವೆಲ್ಲಿ, ಜಯನಗರಕ್ಕೆ ಅಡಿಗಲ್ಲು ಬಿದ್ದದ್ದೇ 1948ರಲ್ಲಲ್ಲವೇ ಎಂದರೆ, ವಿದ್ಯೆ ಅಲ್ಲಿಯವರೆಗೆ ಬಡಾವಣೆಗಾಗಿ ಕಾದಿತ್ತು ಎಂದಷ್ಟೇ ಹೇಳಬಹುದು.

ಉಳಿದದ್ದು ಮೀನು. ಸಾರಕ್ಕಿ, ಮಡಿವಾಳ ಕೆರೆಗಳಲ್ಲಿ ತಿಲಾಪಿಯ ಇದೆ. ಬ್ರೆಡ್ಡಿನ ಚೂರಿಗೆ ಮುಗಿಬೀಳುವ ಮೀನಿಗೆ ಇಷ್ಟೊಂದು ಶಾಸ್ತ್ರ ಬೇಕಿಲ್ಲ. ಶಾಸ್ತ್ರಕ್ಕೆ ತಕ್ಕದ್ದು ಭೀಮೇಶ್ವರಿಯ ಕಡೆಯ ಬಿಳಿಮೀನು, ಕಾವೇರಿಯ ಗೂನುಬೆನ್ನಿನ ಮಹಶೀರ್. ಅದು 2018ರಲ್ಲಿ ಅಳಿವಿನ ತೀವ್ರ ಅಂಚಿನ ಪಟ್ಟಿಗೆ ಸೇರಿತು. ವನ್ಯಧಾಮದೊಳಗೆ ಮೋಜಿನ ಗಾಳವೂ ನಿಂತಿತು. ಇದರಿಂದ ನಮಗೇನೂ ನಷ್ಟವಿಲ್ಲ. ಹಿಡಿದ ಮೀನನ್ನು ಬಿಟ್ಟುಬಿಡುವುದೇ ಧರ್ಮವೆಂದು ಈಗ ಗಾಳಗಾರರೇ ಒಪ್ಪುತ್ತಾರೆ. ಆ ಹಾದಿಯಲ್ಲಿ ಅವರು ಇನ್ನೂ ಮೊದಲ ಮೆಟ್ಟಿಲಿನಲ್ಲಿದ್ದಾರೆ, ಜೆ.ಪಿ. ನಗರದ ಸಸ್ಯಾಹಾರಿಗಳು ಹಿಡಿಯದೆಯೇ ಬಿಟ್ಟಿದ್ದಾರೆ. ಆದ್ದರಿಂದ ಬೆಂಗಳೂರು ನೀಲಿ ದ್ರಾಕ್ಷಿಗೂ ಗುಲಾಬಿ ಈರುಳ್ಳಿಗೂ ದೊರೆತ ಭೌಗೋಳಿಕ ಸೂಚಕದ ಮಾನ್ಯತೆ ಈ ಹುರಿಗೂ ದೊರೆಯಬೇಕು. ಬಿಟಿಎಂ ಲೇಔಟಿನವರೂ ಸಹಿ ಹಾಕಬಹುದು, ಅಭ್ಯಂತರವಿಲ್ಲ. ಅರ್ಜಿಯನ್ನು ಚೆನ್ನೈ ಕಚೇರಿಗೆ ಕಳಿಸಬೇಕು. ಮಾದರಿಯಾಗಿ ಒಂದು ಜೊತೆ ಜನಿವಾರ ಲಗತ್ತಿಸುವುದನ್ನು ಮರೆಯಬೇಡಿ.